ಛಾವಣಿ ಒಬ್ಬನದಲ್ಲ



ಚಾಂದ್‌ಖೇಡಾದ ಕಡೆ ನೆಲೆಸಿರುವ ನಮ್ಮವರಿಗೆ ಜೂನ್ ತಿಂಗಳು ಬಂತೆಂದರೆ ಎರಡು ಚಿಂತೆಗಳು ಒಟ್ಟಿಗೇ ಬರುತ್ತವೆ. ಒಂದು ಮಕ್ಕಳ ಶಾಲೆಯ ಖರ್ಚು, ಇನ್ನೊಂದು ತಲೆಯ ಮೇಲಿನ ಮಾಡು. ಆಕಾಶದಲ್ಲಿ ಮೊದಲ ಮೋಡ ಕಂಡ ದಿನ ನಮ್ಮಲ್ಲಿ ಹಲವರು ಮೇಸ್ತ್ರಿಯನ್ನು ಹುಡುಕಿಕೊಂಡು ಓಡುತ್ತಾರೆ. ಆತ ಕೇಳಿದ್ದೇ ದರ, ಹೇಳಿದ್ದೇ ಶಾಸ್ತ್ರ. ಬಾಯಾರಿದಾಗ ಬಾವಿ ತೋಡುವುದೆಂದರೆ ಇದೇ. ಹೋಟೆಲಿನಲ್ಲಿ ನಾಳೆಯ ಇಡ್ಲಿಗೆ ಇಂದೇ ಅಕ್ಕಿ ಉದ್ದು ನೆನೆಹಾಕುವ ನಮ್ಮ ಜನ, ಸ್ವಂತ ಛಾವಣಿಯ ವಿಷಯದಲ್ಲಿ ಮಾತ್ರ ಮಳೆ ಬಂದ ಮೇಲೆ ನೋಡೋಣ ಎನ್ನುತ್ತಾರೆ.

ನಾವು ಇಲ್ಲಿ ಹೇಳಬೇಕೆಂದಿರುವುದು ಇಷ್ಟೆ. ಛಾವಣಿಯ ತೀರ್ಮಾನ ಮಳೆಗೆ ಮೊದಲೇ ಆಗಬೇಕು, ನಾಲ್ಕು ಜನ ಕೂಡಿ ಆಗಬೇಕು, ಕಾಗದದ ಮೇಲೆ ಆಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹಣ ಹೋಗುತ್ತದೆ. ಕೆಲವೊಮ್ಮೆ ಪ್ರಾಣವೂ ಹೋಗುತ್ತದೆ.

ಊರಿನ ಮಾಡು, ಇಲ್ಲಿನ ಮಾಡು

ನಮ್ಮಲ್ಲಿ ಬಹಳ ಮಂದಿ ಉಡುಪಿ, ಕುಂದಾಪುರ, ಮಂಗಳೂರು ಕಡೆಯವರು. ಅಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ. ಹಿರಿಯರ ಕಾಲದಲ್ಲಿ ಮುಳಿಹುಲ್ಲಿನ ಮಾಡು ಹೊದೆಸುವ ದಿನ ನೆರೆಯವರೆಲ್ಲ ಬರುತ್ತಿದ್ದರು. ಇಂದು ನಿನ್ನ ಮನೆ, ನಾಳೆ ನನ್ನ ಮನೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚಿನ ಮಾಡು ಬಂತು. ಹಂಚಿನ ಮಾಡು ಸುಳ್ಳು ಹೇಳುವುದಿಲ್ಲ. ಒಡೆದ ಹಂಚು ಕೆಳಗಿನಿಂದಲೇ ಕಾಣುತ್ತದೆ, ಅದೊಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಆಯಿತು.

ಇಲ್ಲಿಯ ಮಾತು ಬೇರೆ. ಅಹಮದಾಬಾದಿನಲ್ಲಿ ವರ್ಷದ ಮಳೆ ಸುಮಾರು ಎಂಟುನೂರು ಮಿಲಿಮೀಟರು, ಊರಿನ ಐದರಲ್ಲೊಂದು ಪಾಲು. ಅಷ್ಟು ಸಣ್ಣ ಮಳೆಗೆ ಮಾಡು ಏಕೆ ಸೋರಬೇಕು? ಮೊದಲ ಶತ್ರು ಬಿಸಿಲು. 2016ರ ಮೇ 20ರಂದು ಈ ನಗರದಲ್ಲಿ 48 ಡಿಗ್ರಿ ಸೆಖೆ ದಾಖಲಾಯಿತು. ಇಲ್ಲಿಯವರು ಧಾಬು ಎಂದು ಕರೆಯುವ ಸಿಮೆಂಟು ತಾರಸಿ ಹಗಲು ಕಾದು ಹಿಗ್ಗುತ್ತದೆ, ರಾತ್ರಿ ತಣಿದು ಕುಗ್ಗುತ್ತದೆ. ವರ್ಷಗಟ್ಟಲೆ ಹೀಗಾದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಜೂನ್ ಕೊನೆಯಲ್ಲೋ ಜುಲೈಯಲ್ಲೋ ಒಂದೆರಡು ದಿನ ಸುರಿಯುವ ಜಡಿಮಳೆ ಆ ಬಿರುಕಿನಲ್ಲಿ ಇಳಿಯುತ್ತದೆ. ನೀರು ಸೇರಿದ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ಮಗ್ಗದಲ್ಲಿ ಕಡಿದ ಒಂದು ಎಳೆಗೆ ಕೂಡಲೇ ಗಂಟು ಹಾಕದಿದ್ದರೆ ಥಾನೇ ಕೆಡುತ್ತದೆಂದು ಮಿಲ್ಲಿನ ಮಿತ್ರರಿಗೆ ನಾವು ಹೇಳಬೇಕಾಗಿಲ್ಲ.

ಉತ್ತರಾಯಣದ ಬೆನ್ನಿಗೆ

ಹಾಗಾದರೆ ಛಾವಣಿಯನ್ನು ಯಾವಾಗ ನೋಡಬೇಕು? ಈ ಊರೇ ನಮಗೆ ಒಂದು ದಿನವನ್ನು ಗೊತ್ತುಮಾಡಿ ಕೊಟ್ಟಿದೆ. ಜನವರಿ 14 ಮತ್ತು 15ರಂದು, ಉತ್ತರಾಯಣದ ಪಟದ ಹಬ್ಬಕ್ಕೆ, ಅಹಮದಾಬಾದಿಗೆ ಅಹಮದಾಬಾದೇ ಧಾಬಿನ ಮೇಲಿರುತ್ತದೆ. ವರ್ಷವಿಡೀ ಹತ್ತದವರೂ ಅಂದು ಹತ್ತುತ್ತಾರೆ. ಪಟ ಹಾರಿಸಿ ಮುಗಿದ ಮರುದಿನ, ಜನವರಿ 16ರಂದು, ಪಾಳಿ ಮುಗಿಸಿ ಬಂದು ಅರ್ಧ ತಾಸು ಅದೇ ಛಾವಣಿಯನ್ನು ನೋಡಿರಿ. ಮೊದಲು ಮಳೆನೀರಿನ ಕೊಳವೆಯ ಬಾಯಿ ನೋಡಿರಿ. ಹರಿದ ಪಟದ ಕಾಗದ, ದಾರದ ಉಂಡೆ ಅಲ್ಲಿಯೇ ಕೂತಿರುತ್ತದೆ. ಅದನ್ನು ತೆಗೆದುಹಾಕಿದರೆ ಎಷ್ಟೋ ಸೋರಿಕೆ ಕಾಸಿಲ್ಲದೆ ನಿಲ್ಲುತ್ತದೆ. ಆಮೇಲೆ ಅಡ್ಡಗೋಡೆ ತಾರಸಿಗೆ ಸೇರುವ ಮೂಲೆ, ಕೊಳವೆಗಳು ತೂರಿ ಬರುವ ಜಾಗ, ನೀರಿನ ಟಾಂಕಿಯ ಕಾಲು ಇವುಗಳನ್ನು ನೋಡಿರಿ. ಸೋರುವ ತಾರಸಿ ಹೆಚ್ಚಾಗಿ ಸೋರುವುದು ಇಲ್ಲಿಯೇ, ನಡುಮಧ್ಯದಲ್ಲಿ ಕಡಿಮೆ.

ಜನವರಿಯಿಂದ ಮಳೆಗೆ ಐದು ತಿಂಗಳಿರುತ್ತದೆ. ಹಣ ಕೂಡಿಸಲು, ನಾಲ್ಕು ಕಡೆ ವಿಚಾರಿಸಲು, ಒಗ್ಗದ ದರಕ್ಕೆ ಬೇಡವೆನ್ನಲು ಸಮಯವಿರುತ್ತದೆ. ಜೂನಿನಲ್ಲಿ ಬೇಡವೆನ್ನುವ ಶಕ್ತಿ ನಮಗೆ ಉಳಿಯುವುದಿಲ್ಲ. ಇಲ್ಲವೆನ್ನಲಾಗದವನೊಡನೆ ಯಾರೂ ನ್ಯಾಯವಾದ ವ್ಯಾಪಾರ ಮಾಡುವುದಿಲ್ಲ ಎಂಬುದನ್ನು ಸಂಬಳದ ಮಾತುಕತೆಯಲ್ಲಿ ನಾವೆಲ್ಲ ಕಂಡಿದ್ದೇವೆ.

ರಿಪೇರಿಯೋ, ಬದಲಾವಣೆಯೋ?

ಕಂತ್ರಾಟುದಾರನನ್ನು ಕೇಳಿದರೆ ಎಲ್ಲ ಛಾವಣಿಯೂ ಬದಲಾಗಬೇಕಾದದ್ದೇ. ಮನೆಯ ಮಾಲಿಕನನ್ನು ಕೇಳಿದರೆ ಯಾವ ಛಾವಣಿಗೂ ಏನೂ ಆಗಿಲ್ಲ. ಆದುದರಿಂದ ಗುರುತುಗಳನ್ನು ನಾವೇ ತಿಳಿದಿರಬೇಕು.

ಸಿಮೆಂಟು ತಾರಸಿಯಲ್ಲಿ ಒದ್ದೆಯ ಕಲೆ, ಬಿಳಿ ಉಪ್ಪಿನ ಹುಡಿ ಮಾತ್ರ ಕಂಡು, ಕೋಲಿನಿಂದ ತಟ್ಟಿದಾಗ ಗಟ್ಟಿ ಶಬ್ದ ಬಂದರೆ ಅದು ರಿಪೇರಿಯ ಕೆಲಸ. ಆ ರಿಪೇರಿ ಮೇಲಿನಿಂದ ಆಗಬೇಕು. ಕೆಳಗಿನಿಂದ ಗಿಲಾವು ಮಾಡಿ ಬಣ್ಣ ಬಳಿಯುವುದೆಂದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ. ತಟ್ಟಿದಲ್ಲಿ ಟೊಳ್ಳು ಶಬ್ದ ಬಂದರೆ, ಸರಳಿನ ಗುಂಟ ಕಂದು ಗೆರೆ ಮೂಡಿದ್ದರೆ, ಆ ಭಾಗವನ್ನು ಕೆತ್ತಿ ಸರಳನ್ನು ಉಜ್ಜಿ ಶುದ್ಧಮಾಡಿ ಮತ್ತೆ ತುಂಬಿಸಬೇಕು. ಕಾಂಕ್ರೀಟು ಹೆಂಟೆಯಾಗಿ ಬೀಳುತ್ತಿದ್ದು, ಹಲವು ಕಡೆ ಸರಳು ತೆಳ್ಳಗಾಗಿ ಕಾಣುತ್ತಿದ್ದರೆ, ಅಥವಾ ತಾರಸಿ ನಡುವೆ ಜಗ್ಗಿದ್ದರೆ, ಅದು ಮೇಸ್ತ್ರಿಯ ಕೈಯ ಕೆಲಸವಲ್ಲ. ಅದರ ಕೆಳಗೆ ಮಲಗುವುದನ್ನು ಅಂದೇ ನಿಲ್ಲಿಸಿ, ಇಂಜಿನಿಯರನನ್ನು ಕರೆಯಿಸಿ, ಮಹಾನಗರಪಾಲಿಕೆಗೆ ಬರಹದಲ್ಲಿ ತಿಳಿಸಬೇಕು. 2018ರ ಆಗಸ್ಟ್ 26ರಂದು ಇದೇ ನಗರದ ಓಢವದಲ್ಲಿ ಬಡವರಿಗಾಗಿ ಸರಕಾರ ಕಟ್ಟಿಸಿದ್ದ ನಾಲ್ಕು ಮಹಡಿಯ ವಸತಿ ಕಟ್ಟಡ ಕುಸಿದು ಜೀವಹಾನಿಯಾಯಿತು. ಅಪಾಯ ಕಂಡು ಜನರನ್ನು ಹೊರಗೆ ಕಳುಹಿಸಿದ್ದರು. ಬಿಟ್ಟುಬಂದ ಸಾಮಾನಿಗೆಂದು ಮತ್ತೆ ಒಳಹೋದವರು ಸಿಲುಕಿದರು. ಬಡವನಿಗೆ ಸಾಮಾನಿನ ಮೋಹವೇಕೆಂದು ಯಾರೂ ನಗಬಾರದು. ಹತ್ತು ವರ್ಷದ ದುಡಿಮೆ ಆ ಸಾಮಾನಿನಲ್ಲಿರುತ್ತದೆ. ಆದರೂ ಪಾತ್ರೆಯನ್ನು ಮತ್ತೆ ಕೊಳ್ಳಬಹುದು.

ಇನ್ನೊಂದು ಎಚ್ಚರಿಕೆ. ಸೋರಿದಾಗಲೆಲ್ಲ ಹಳೆಯ ಪದರದ ಮೇಲೆ ಹೊಸ ಪದರ ಹಾಕಿಸುವ ರೂಢಿ ಇಲ್ಲಿದೆ. ಇಟ್ಟಿಗೆಚೂರಿನ ಕೋಬಾ, ಅದರ ಮೇಲೆ ಚೈನಾ ಮೊಸಾಯಿಕ್. ಚೈನಾ ಮೊಸಾಯಿಕ್ ಒಳ್ಳೆಯದೇ. ಬಿಳಿಯ ಚೂರುಗಳು ಬಿಸಿಲನ್ನು ಹಿಂದಕ್ಕೆ ಎಸೆಯುತ್ತವೆ, ನೀರು ಜಾರುತ್ತದೆ. ಆದರೆ ನಾಲ್ಕು ಇಂಚು ದಪ್ಪದ ಕೋಬಾ, ಹತ್ತು ಅಡಿಗೆ ಹತ್ತು ಅಡಿಯ ಒಂದು ಕೋಣೆಯ ಮೇಲೆ, ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಸಾವಿರ ಲೀಟರಿನ ಟಾಂಕಿ ತುಂಬಿದರೆ ಇನ್ನೊಂದು ಟನ್ನು. 2001ರ ಜನವರಿ 26ರ ಭೂಕಂಪದಲ್ಲಿ, ನಡುಗಿದ ಕಛ್ ಅಷ್ಟು ದೂರವಿದ್ದರೂ, ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಬಿದ್ದು ನೂರಾರು ಜನ ಸತ್ತರು. ತಲೆಭಾರ ಹೆಚ್ಚಿದಷ್ಟೂ ಕಂಪನದ ಪೆಟ್ಟು ಹೆಚ್ಚು. ಹಳೆಯ ಪದರ ಕೀಳದೆ ಹೊಸದನ್ನು ಹಾಕುತ್ತೇನೆಂದು ಅಗ್ಗದ ದರ ಹೇಳುವವನಿಗೆ ನಮಸ್ಕಾರ ಹೇಳಿ ಕಳುಹಿಸಿರಿ.

ತಗಡಿನ ಮಾಡಿನವರು, ಅಂದರೆ ಇಲ್ಲಿಯ ಮಾತಿನಲ್ಲಿ ಪತ್ರಾದ ಕೆಳಗಿರುವವರು, ನಡುಹಗಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ ಮೇಲಕ್ಕೆ ನೋಡಿರಿ. ಬೆಳಕಿನ ಚುಕ್ಕಿ ಬೋಲ್ಟಿನ ಸುತ್ತ ಮಾತ್ರ ಇದ್ದರೆ ಬೋಲ್ಟು, ಬಳೆ ಬದಲಾಯಿಸಿದರೆ ಸಾಕು. ತಗಡಿನ ಮೈತುಂಬ ನಕ್ಷತ್ರ ಕಂಡರೆ, ತೊಲೆಯ ಮೇಲೆ ಕೂರುವ ಭಾಗ ಪದರು ಪದರಾಗಿ ಉದುರುತ್ತಿದ್ದರೆ, ಅದರ ಆಯುಷ್ಯ ಮುಗಿಯಿತು. ಹೊಸ ತಗಡು ಕೊಳ್ಳುವಾಗ ದಪ್ಪವನ್ನು ಬಾಯಿಮಾತಿನಲ್ಲಿ ನಂಬದೆ ತೂಕ ಹಾಕಿಸಿರಿ. ಅರ್ಧ ಮಿಲಿಮೀಟರು ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ನಾಲ್ಕು ಕಿಲೋಗೆ ಸಮೀಪ ತೂಗುತ್ತದೆ. ಮೂರು ಕಿಲೋ ಕೂಡ ತೂಗದಿದ್ದರೆ ನಿಮಗೆ ಬೇರೆ ಮಾಲು ಬಂದಿದೆ. ಬೋಲ್ಟು ತಗಡಿನ ಉಬ್ಬಿನಲ್ಲಿ ಕೂರಬೇಕು. ನೀರು ಹರಿಯುವ ತಗ್ಗಿನಲ್ಲಿ ತೂತು ಕೊರೆದವನಿಗೆ ಕೆಲಸ ಬರುವುದಿಲ್ಲವೆಂದೇ ಅರ್ಥ. ಗಾಳಿಗೆ ಹಾರದಿರಲೆಂದು ಕಲ್ಲು ಹೇರುವುದೂ ಬೇಡ. ಆ ಕಲ್ಲು ಮೊದಲು ಬೀಳುವುದು ಮಕ್ಕಳು ಆಡುವ ಓಣಿಗೆ.

ಕಲ್ನಾರಿನ ಸಿಮೆಂಟು ಶೀಟುಗಳದು ಬೇರೆಯೇ ಕಥೆ. ಅದರ ನಾರಿನ ಹುಡಿ ಎದೆಯೊಳಗೆ ಸೇರಿದರೆ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಗಟ್ಟಿಯಾಗಿರುವ ಶೀಟನ್ನು ಕೆಣಕಬೇಡಿರಿ. ಕೊರೆಯಬೇಡಿರಿ, ಒಣಗಿದ್ದಾಗ ಗುಡಿಸಬೇಡಿರಿ, ಉಜ್ಜಬೇಡಿರಿ. ಬಿರುಕು ಬಿಟ್ಟು ಅಂಚು ಪುಡಿಯಾಗುತ್ತಿದ್ದರೆ ನೀರು ಚಿಮುಕಿಸಿ, ಒಡೆಯದೆ, ಇಡಿಯಾಗಿ ಇಳಿಸಬೇಕು. ತೆಗೆದ ಶೀಟನ್ನು ಬಚ್ಚಲಿಗೆ ಮರೆಯೆಂದು ನಿಲ್ಲಿಸುವುದೂ ತಪ್ಪು. ಕಲ್ನಾರಿನ ಕಾರ್ಮಿಕರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದುದು ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರವೇ. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗವೆಂದು 1995ರಲ್ಲಿ ಆ ಕೋರ್ಟು ತೀರ್ಪಿತ್ತಿತು.

ಸೆಖೆಯೊಂದೇ ಕಾರಣವಾಗಿ ಛಾವಣಿ ಬದಲಾಯಿಸಲು ಹೊರಟವರು ಸ್ವಲ್ಪ ನಿಲ್ಲಬೇಕು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಈ ನಗರದಲ್ಲಿ ಮಾಮೂಲಿಗಿಂತ ಸಾವಿರಕ್ಕೂ ಹೆಚ್ಚು ಸಾವು ಸಂಭವಿಸಿತು. ಆ ಪಾಠದಿಂದಲೇ 2013ರಲ್ಲಿ ಮಹಾನಗರಪಾಲಿಕೆ ಸೆಖೆಯನ್ನು ಎದುರಿಸುವ ಯೋಜನೆ ಮಾಡಿತು; 2017ರಿಂದ ಬಡವರ ಬಸ್ತಿಗಳ ಛಾವಣಿಗೆ ಬಿಳಿ ಸುಣ್ಣ ಬಳಿಯಿಸುವ ಕೆಲಸವೂ ಅದರಲ್ಲಿ ಸೇರಿತು. ಬಿಳಿ ಛಾವಣಿ ಕೋಣೆಯ ಸೆಖೆಯನ್ನು ಕೆಲವು ಡಿಗ್ರಿ ಇಳಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಹಗಲು ತಗಡಿನ ಕೆಳಗೆ ಮಲಗುವವನಿಗೆ ಆ ಕೆಲವು ಡಿಗ್ರಿಯ ಬೆಲೆ ಗೊತ್ತು. ಫೆಬ್ರವರಿ ಕೊನೆಯೊಳಗೆ ಸುಣ್ಣ ಬಳಿಯಿರಿ. ಬಕೀಟು, ಕುಂಚ, ಒಂದು ರಜೆಯ ದಿನ ಸಾಕು, ಕಂತ್ರಾಟುದಾರ ಬೇಕಾಗಿಲ್ಲ.

ಕಂತ್ರಾಟುದಾರನೊಡನೆ

ಕೆಲಸ ಕೊಡಲೇಬೇಕಾದಾಗ ಮೂವರಿಂದ ದರ ಕೇಳಿರಿ. ಮೂವರಿಗೂ ಒಂದೇ ಕೆಲಸ ಹೇಳಿರಬೇಕು; ಇಲ್ಲವಾದರೆ ದರಗಳನ್ನು ಹೋಲಿಸುವುದಕ್ಕೆ ಅರ್ಥವಿಲ್ಲ. ಎಷ್ಟು ಚದರ ಅಡಿ, ಹಳೆಯ ಪದರ ಕೀಳುವುದುಂಟೋ ಇಲ್ಲವೋ, ಯಾವ ಮಾಲು, ಎಷ್ಟು ಕೈ ಬಳಿತ, ಕಸ ಸಾಗಿಸುವವರು ಯಾರು, ಎಷ್ಟು ದಿನದಲ್ಲಿ ಮುಗಿಯಬೇಕು, ಇವೆಲ್ಲ ಕಾಗದದಲ್ಲಿರಲಿ. ಎರಡು ಮಳೆಗಾಲ ಕಂಡ ಅವನ ಹಳೆಯ ಕೆಲಸವೊಂದನ್ನು ತೋರಿಸಲು ಹೇಳಿರಿ. ನಿನ್ನೆ ಮುಗಿಸಿದ ಕೆಲಸ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ಹತ್ತು ವರ್ಷದ ಗ್ಯಾರಂಟಿ ಎಂದು ಎದೆತಟ್ಟಿ ಹೇಳಿದರೆ, ಅದನ್ನೇ ಸಹಿ ಹಾಕಿ ಬರೆದು ಕೊಡು ಎನ್ನಿರಿ.

ಮುಂಗಡ ಮಾಲಿನ ಖರ್ಚನ್ನು ಮೀರದಿರಲಿ. ಕೆಲಸ ನಡೆದಂತೆ ಹಣ ನಡೆಯಲಿ. ಹತ್ತರಲ್ಲಿ ಒಂದು ಪಾಲು ಮೊದಲ ದೊಡ್ಡ ಮಳೆಯವರೆಗೆ ನಿಮ್ಮ ಕೈಯಲ್ಲಿರಲಿ. ಆ ಮಾತನ್ನೂ ಮೊದಲೇ ಕಾಗದದಲ್ಲಿ ಬರೆಯಿಸಿರಿ, ಮಳೆ ಬಂದು ಮಾಡು ಸೋರದಿದ್ದರೆ ತಡಮಾಡದೆ ಕೊಡಿರಿ. ತಾರಸಿ ಗಟ್ಟಿಯಿದ್ದರೆ ಕೊಳವೆಯ ಬಾಯಿ ಮುಚ್ಚಿ ಒಂದೆರಡು ಇಂಚು ನೀರು ನಿಲ್ಲಿಸಿ ಒಂದು ಹಗಲು ಒಂದು ರಾತ್ರಿ ಪರೀಕ್ಷಿಸಿರಿ. ದುರ್ಬಲ ತಾರಸಿಯ ಮೇಲೆ ಈ ಪರೀಕ್ಷೆ ಬೇಡ. ಒಳಗೆ ಮುಚ್ಚಿಹೋಗುವ ಪ್ರತಿ ಪದರದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿರಿ. ಬಿಲ್ಲು ಕೇಳಿ ಪಡೆಯಿರಿ.

ಏಕೆಂದರೆ ಬಿಲ್ಲು ಇದ್ದವನಿಗೆ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಕೆಟ್ಟ ಕೆಲಸವೂ ಸೇವೆಯ ಲೋಪವೇ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. 1915 ಎಂಬ ನಂಬರಿಗೆ ಫೋನು ಮಾಡಿಯೂ ಕೇಳಬಹುದು. ಅಗ್ಗದ ಆಸೆಗೆ ಬಿಲ್ಲಿಲ್ಲದೆ ಕೆಲಸ ಮಾಡಿಸಿದವನು ಅಲ್ಲಿ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.

ಮೇಲೆ ಹತ್ತುವವನು ಯಾರು?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ನಾವು ಕಾರ್ಮಿಕ ಸಂಘದವರೆಂದು ಹೇಳಿಕೊಳ್ಳುವುದು ಸುಳ್ಳಾಗುತ್ತದೆ. ಬೆಳಗ್ಗೆ ಕಡಿಯಾ ನಾಕಾದಲ್ಲಿ ಬುಟ್ಟಿ, ಕರಣೆ ಹಿಡಿದು ನಿಲ್ಲುವ ಜನರನ್ನು ನೋಡಿದ್ದೀರಿ. ದಾಹೋದದಿಂದ, ಪಂಚಮಹಾಲಿನಿಂದ, ರಾಜಸ್ಥಾನದಿಂದ ಬಂದವರು. ನಮ್ಮ ಹಿರಿಯರನ್ನು ಕುಂದಾಪುರದಿಂದ ಇಲ್ಲಿಗೆ ತಂದ ಹಸಿವೇ ಅವರನ್ನೂ ತಂದಿತು. ಕಂತ್ರಾಟುದಾರ ನಮಗೆ ದರ ಇಳಿಸಿದನೆಂದರೆ ಆ ರಿಯಾಯಿತಿ ಅವನ ಜೇಬಿನಿಂದ ಬರುವುದು ಅಪರೂಪ. ಒಬ್ಬನ ಕೂಲಿಯಿಂದಲೋ, ತಾರದೆ ಉಳಿಸಿದ ಹಗ್ಗದಿಂದಲೋ ಬರುತ್ತದೆ.

ಹಳೆಯ ಸಿಮೆಂಟು ಶೀಟು ಮನುಷ್ಯನ ಭಾರ ತಾಳದು. ಅದರ ಮೇಲೆ ನೇರವಾಗಿ ಕಾಲಿಟ್ಟವನು ಶೀಟಿನೊಡನೆ ಕೆಳಗೆ ಬೀಳುತ್ತಾನೆ. ತೊಲೆಯಿಂದ ತೊಲೆಗೆ ಹಲಗೆ ಹಾಕಿ ಹಲಗೆಯ ಮೇಲೆಯೇ ನಡೆಯಬೇಕು. ಸೊಂಟಕ್ಕೆ ಪಟ್ಟಿ, ಹಗ್ಗ ಇರಬೇಕು. ನಡುಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಯಾರನ್ನೂ ತಗಡಿನ ಮೇಲೆ ನಿಲ್ಲಿಸಬಾರದು. ಹಗ್ಗ, ಹಲಗೆ, ವಿಶ್ರಾಂತಿಯ ವೇಳೆ ಇವನ್ನೂ ಕರಾರಿನ ಕಾಗದದಲ್ಲಿ ಬರೆಯಿಸಿರಿ. ಹೋಟೆಲಿನ ಮಾಲಿಕನ ಮುಂದೆ ನಾವು ಕೇಳುವುದೇನು? ಹೊತ್ತಿಗೆ ಸರಿಯಾಗಿ ಸಂಬಳ, ಮೈಮುರಿಯದಷ್ಟು ಕೆಲಸ, ಕೈಸುಟ್ಟರೆ ಮದ್ದು. ನಾಲ್ಕು ದಿನದ ಮಟ್ಟಿಗೆ ಕೆಲಸ ಕೊಡುವವರಾದಾಗ ನಾವು ಅದನ್ನೇ ಮರೆತರೆ, ನಮ್ಮ ಬೇಡಿಕೆಗೆ ನೈತಿಕ ಬಲವೆಲ್ಲಿಂದ ಬಂದೀತು?

ಹಣ ಕೊಡುವವರು ಯಾರು?

ಚಾಂದ್‌ಖೇಡಾದ ಸೊಸೈಟಿಗಳಲ್ಲಿ ಫ್ಲಾಟು ಮಾಡಿಕೊಂಡಿರುವ ನಮ್ಮವರಲ್ಲಿ ಪ್ರತಿವರ್ಷವೂ ಒಂದು ಜಗಳವಿದೆ. ಸೋರುವುದು ಮೇಲಿನ ಮಹಡಿಯವನಿಗೆ, ಖರ್ಚೂ ಅವನದೇ ಎನ್ನುತ್ತಾರೆ ಕೆಳಗಿನವರು. ಪಟ ಹಾರಿಸಲು, ಹಪ್ಪಳ ಒಣಗಿಸಲು ಧಾಬು ಎಲ್ಲರದು; ಸೋರಿದಾಗ ಮಾತ್ರ ಒಬ್ಬನದು! ಮೇಲಿನ ಸರಳು ತುಕ್ಕು ಹಿಡಿದರೆ ಆ ನೀರು ಗೋಡೆಗೆ, ಕಂಬಕ್ಕೆ ಇಳಿಯುತ್ತದೆ. ಕಂಬ ಕೆಳಗಿನವನ ಮನೆಯಲ್ಲಿಯೂ ಇದೆ. ಆದುದರಿಂದ ಖರ್ಚನ್ನು ಎಲ್ಲ ಮನೆಗಳಿಗೂ ಹಂಚಬೇಕು, ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಛಾವಣಿಗೆಂದು ಬೇರೆ ತೆಗೆದಿಡಬೇಕು. ಕಟ್ಟಡವೇ ಮುಪ್ಪಾಗಿದ್ದರೆ, 2018ರ ಗುಜರಾತಿನ ತಿದ್ದುಪಡಿ ಕಾನೂನಿನಂತೆ, 25 ವರ್ಷ ದಾಟಿದ ಕಟ್ಟಡವನ್ನು ನೂರಕ್ಕೆ 75 ಮಂದಿ ಒಪ್ಪಿದರೆ ಕೆಡವಿ ಹೊಸದಾಗಿ ಕಟ್ಟಬಹುದು. ಸಹಿ ಹಾಕುವ ಮುಂಚೆ, ಹೊಸ ಮನೆಯ ಅಳತೆ ಎಷ್ಟು, ಕಟ್ಟಿ ಮುಗಿಯುವವರೆಗೆ ಬಾಡಿಗೆ ಯಾರು ಕೊಡುತ್ತಾರೆ ಎಂಬೆರಡು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ.

ಬಾಡಿಗೆ ಕೋಣೆಯವರು ಮಾಲಿಕನಿಗೆ ಬಾಯಲ್ಲಿ ಹೇಳಿ ಸುಮ್ಮನಾಗಬಾರದು. ದಿನಾಂಕ ಹಾಕಿ ಬರೆದು ಕೊಟ್ಟು ನಕಲು ಇಟ್ಟುಕೊಳ್ಳಿರಿ. ಮಾಲಿಕನೇ ಮಾಡಿಸಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿ ಅವಕಾಶವಿದೆ. ಹಾಗೆ ಮುರಿಯುವ ಮುಂಚೆ ಸಂಘವನ್ನೋ ವಕೀಲರನ್ನೋ ಕೇಳಿರಿ. ಹೋಟೆಲಿನ ಅಟ್ಟದಲ್ಲಿ, ಮಾಲಿಕ ಕೊಟ್ಟ ಶೆಡ್ಡಿನಲ್ಲಿ ಮಲಗುವ ಹುಡುಗರ ಮಾತು ಒಬ್ಬೊಬ್ಬರ ದೂರಾಗಿ ಉಳಿಯಬಾರದು. ಅವರ ತಲೆಯ ಮೇಲಿನ ಛಾವಣಿಯೂ ಸಂಬಳದ ಬೇಡಿಕೆಯ ಪಟ್ಟಿಯಲ್ಲಿಯೇ ಬರಬೇಕು.

ನಮ್ಮ ಸೂಚನೆ ಸರಳವಾದುದು. ಬರುವ ಜನವರಿ 16ರಿಂದ ಚಾಂದ್‌ಖೇಡಾದ ಸದಸ್ಯರು ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಂಡು ಒಬ್ಬರ ಛಾವಣಿಯನ್ನು ಇನ್ನೊಬ್ಬರು ನೋಡಲಿ. ಸುಣ್ಣ ಸಾಕಾದುದು, ರಿಪೇರಿ ಬೇಕಾದುದು, ಇಂಜಿನಿಯರನೇ ಬರಬೇಕಾದುದು ಎಂದು ಮೂರು ಪಟ್ಟಿ ಮಾಡಲಿ. ಒಂದೇ ಓಣಿಯ ಹತ್ತು ಮನೆಯ ಕೆಲಸವನ್ನು ಒಟ್ಟಿಗೆ ಮಾತಾಡಿದರೆ ಒಳ್ಳೆಯ ಕಂತ್ರಾಟುದಾರ ಸಿಗುತ್ತಾನೆ, ಕಳ್ಳನಿಗೆ ಹೆದರಿಕೆಯಾಗುತ್ತದೆ. ಒಳ್ಳೆಯ ಕೆಲಸ ಮಾಡಿದವರ ವಿವರ ಸಂಘದ ಪುಸ್ತಕದಲ್ಲಿರಲಿ, ಮುಂದಿನವರಿಗೆ ಅನುಕೂಲವಾದೀತು. ಮುಳಿಹುಲ್ಲಿನ ಮಾಡು ಹೊದೆಸಲು ಊರಿನವರೆಲ್ಲ ಕೂಡುತ್ತಿದ್ದ ಕಾಲದಲ್ಲಿ ಯಾರೂ ಅದನ್ನು ಸಂಘಟನೆ ಎಂದು ಕರೆಯಲಿಲ್ಲ. ಹೆಸರು ಏನಿದ್ದರೂ ಸರಿ, ಅದೇ ಕೆಲಸ ಇಲ್ಲಿಯೂ ಆಗಲಿ. ಹೆಸರು ಕೊಡುವವರು ಈ ತಿಂಗಳೊಳಗೆ ಸಂಘದ ಕಚೇರಿಗೆ ಬನ್ನಿರಿ.